ಒಳಗಿನ ಕೈಯಚ್ಚು

ಗಾಳಿಯ ರಭಸದಲ್ಲಿ ಮರಳು ಹೊಡೆದು ತುಕ್ಕು ತೆಗೆದ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ಮುಟ್ಟಿದರೆ ಮರುದಿನ ಬೆವರು ತಾಗಿದ ಕಡೆ ಕೈಯಚ್ಚಿನಂತೆ ಕೆಂಪು ತುಕ್ಕು ಏಳುತ್ತದೆ. ಬೆಟಗೇರಿಯ ನನ್ನ ಗ್ಯಾರೇಜಿನಲ್ಲಿ ಕೈಗವಸಿಲ್ಲದೆ ಯಾರೂ ಕೆಲಸಕ್ಕಿಳಿಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಬೆಳ್ಳಟ್ಟಿಯ ಮೌನೇಶ ತನ್ನ ಹಳೆಯ ಪಿಕಪ್ ಗಾಡಿಯನ್ನು ತುಕ್ಕು ತೆಗೆಸಲು ಬಿಟ್ಟುಹೋಗಿದ್ದ. ಮರಳು ಹೊಡೆದ ಮರುದಿನ, ಬಾಗಿಲ ಕೆಳಗಿನ ಅಗಲ ಪಟ್ಟಿಯ ಮೇಲೆ ಅಂಥದೇ ಅಚ್ಚು. ತಮ್ಮ ಶಾಹಬಾಜನ ಮೇಲೆ ರೇಗಿದೆ.

"ಭಾಯ್, ಖರೇನ ಹೇಳಾಕತ್ತೇನಿ, ನಾ ಮುಟ್ಟಿಲ್ಲ," ಎಂದ.

ಉಜ್ಜಿ ತೆಗೆದೆ. ಮರುದಿನ ಅಲ್ಲೇ ಮತ್ತೆ ಮೂಡಿತು. ಉರಿಬಿಸಿಲಿಗೆ ಗಾಡಿಯೆಲ್ಲ ಕಾದಿದ್ದರೂ ಆ ಜಾಗ ಮಾತ್ರ ನೀರಿನ ಕೊಡದಂತೆ ತಣ್ಣಗಿತ್ತು.

ಆ ಪಟ್ಟಿ ಒಳಗೆ ಟೊಳ್ಳು, ಆದರೆ ಸುತ್ತಲೂ ಬೆಸೆದು ಮುಚ್ಚಿದ್ದು. ತುಕ್ಕು ಒಳಗಿಂದಲೇ ಬರುತ್ತಿರಬೇಕೆಂದು ಕಟರ್ ಹಿಡಿದು ಕೊಯ್ದೆ. ಒಳಮೈಯಲ್ಲೂ ಒಂದು ಕೈಯಚ್ಚಿತ್ತು, ಈಗಷ್ಟೇ ಊರಿದಂತೆ ಒದ್ದೆಯಾಗಿ.

ಮೌನೇಶನಿಗೆ ಫೋನ್ ಮಾಡಿದೆ. "ಪಟ್ಟಿ ಒಳಗೂ ಕೈ ಮೂಡೇತ್ರಿ," ಎಂದೆ.

ಅವನು ಮೆಲ್ಲಗೆ ಕೇಳಿದ: "ಸಾಬ್ರ, ಅದಕ್ಕ ಹೆಬ್ಬಟ್ಟ ಐತೇನ್ರಿ?"

ಬಗ್ಗಿ ನೋಡಿದೆ. ನಾಲ್ಕೇ ಬೆರಳು.

"ಹಂಗಾರ ಜಲ್ದಿ ಮುಚ್ಚಿಬಿಡ್ರಿ," ಎಂದು ಅವನು ಫೋನ್ ಇಟ್ಟ.

ಉತ್ತರ ಹೇಳಲು ನಾನಿನ್ನೂ ಬಾಯಿ ತೆರೆದಿರಲಿಲ್ಲ.