ಅಜ್ಜನ ಎದೆಯೊಳಗಿನ ಹತ್ತಿ

"ಬಾಯಿ ತಗಿ!"

ಇಷ್ರತ ಬಾಯಿ ತೆರೆದಳು. ಅವ್ವ ಬಗ್ಗಿ ಮೂಸಿ ನೋಡಿದಳು. ಬೆಲ್ಲದ ವಾಸನೆ ಇರಲಿಲ್ಲ.

"ಮತ್ತ ಡಬ್ಬ್ಯಾಗಿನ ಬೆಲ್ಲ ಯಾರ ತಿಂದ್ರು? ಇಲಿ ಬಂದು, ತಿಂದು, ಮುಚ್ಚಳ ಹಾಕಿ ಹೋತೇನ?"

"ಖರೇನ ನಾ ಅಲ್ಲವ್ವಾ!"

ಅವ್ವ ನಂಬಲಿಲ್ಲ. ಹೋದ ತಿಂಗಳು ಸಕ್ಕರೆ ಕದ್ದವಳು ಇವಳೇ, ಹಾಲಿನ ಕೆನೆ ಮಾಯವಾದಾಗ ಸಿಕ್ಕಿಬಿದ್ದವಳೂ ಇವಳೇ. ಮಾಡಿದ ತಪ್ಪಿಗೆ ಬೈಸಿಕೊಂಡರೆ ಇಷ್ರತಳಿಗೆ ಏನೂ ಅನಿಸುತ್ತಿರಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡಾಗ ಮಾತ್ರ ಮೈಯೆಲ್ಲ ಉರಿಯಿತು. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ಕುಳಿತಳು.

ಸ್ವಲ್ಪ ಹೊತ್ತಿಗೆ ಕಳ್ಳ ಬಂದ. ಅವನಿಗೆ ಬಿಳಿ ಗಡ್ಡ ಇತ್ತು.

"ಅಜ್ಜಾ!"

"ಶ್! ಒದರಬ್ಯಾಡ. ನಿಮ್ಮವ್ವ ನನ್ನ ಜೀವಾ ತಗೀತಾಳ," ಎಂದ ಯಮನೂರಸಾಬ ಅಜ್ಜ, ಬಾಯಿ ತುಂಬ ಬೆಲ್ಲ ಇಟ್ಟುಕೊಂಡು.

ಅಜ್ಜ ಗಜೇಂದ್ರಗಡದಲ್ಲಿ ನಲವತ್ತು ವರ್ಷದಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಒಂದೂವರೆ ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಗದಗಿನ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದ್ದ. ಈಗ ಜ್ವರ ಇರಲಿಲ್ಲ, ಕೆಮ್ಮು ಅಷ್ಟಿಷ್ಟು ಉಳಿದಿತ್ತು. ಬರುವ ಸೋಮವಾರ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೋಗಬೇಕಿತ್ತು.

ಅಜ್ಜ ಅವಳನ್ನು ತನ್ನ ಕೋಣೆಗೆ ಕರೆದೊಯ್ದು, ಗಾದಿಯ ಕೆಳಗಿನಿಂದ ದೊಡ್ಡ ಲಕೋಟೆ ಎಳೆದ. ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಸಾಲುಸಾಲು ಕಪ್ಪು ಚಿತ್ರಗಳಲ್ಲಿ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ನೋಡು, ಹತ್ತಿ. ಉಸರಿನ ಕೂಡ ಒಳಗ ಹೋಗಿ ಕುಂತೈತಿ. ಬೆಲ್ಲ ತಿಂದ್ರ ಎಲ್ಲಾ ಇಳೀತೈತಿ. ಸೋಮವಾರ ನಾ ಹೋಗೂದಿಲ್ಲ."

"ಹತ್ತಿ ಅಂತ ಡಾಕ್ಟರ್ ಹೇಳಿದ್ರೇನ?"

"ಹತ್ತಿ ಬಗ್ಗೆ ಡಾಕ್ಟರಗೇನ ಗೊತ್ತು? ಯಾರ ಮುಂದೂ ಹೇಳಬ್ಯಾಡ. ಆಣಿ ಮಾಡು."

ಇಷ್ರತ ಆಣೆ ಮಾಡಿದಳು. ಆದರೆ ಅವಳಿಗೆ ಭಯವಾಯಿತು. ಅಜ್ಜ ಹೋಗದೇ ಇದ್ದು, ಮತ್ತೆ ಮೊದಲಿನ ಹಾಗೆ ಉಸಿರು ಸಿಗದೆ ಒದ್ದಾಡಿದರೆ? ರಾತ್ರಿಯೆಲ್ಲ ಯೋಚಿಸಿದಳು. ಹೇಳುವುದಿಲ್ಲ ಎಂದು ಆಣೆ ಮಾಡಿದ್ದಳು, ಸುಳ್ಳು ಹೇಳುವುದಿಲ್ಲ ಎಂದಲ್ಲ.

ಮರುದಿನ ಶಾಲೆಯಿಂದ ಬಂದವಳೇ ಕೂಗಿದಳು. "ಅಜ್ಜಾ, ಓಣಿ ತುದಿ ದೀಪಶ್ರೀ ಡಾಕ್ಟರ್ ಗಾದಿ ಗಂಟ ಗಂಟ ಆಗೇತಂತ. ನೀನ ಬಂದು ಅಳತಿ ತಗೋಬೇಕಂತ!"

ಅಜ್ಜನ ಮುಖ ಅರಳಿತು. ಗಡ್ಡ ಬಾಚಿ, ಕೊರಳಿಗೆ ಟೇಪು ಹಾಕಿಕೊಂಡು ಹೊರಟೇಬಿಟ್ಟ. ಇಷ್ರತ ಗಾದಿಗೆ ತೊಡಿಸುವ ಬಟ್ಟೆಯ ಗಲೀಫಿನಲ್ಲಿ ಏನೋ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಆ ಗಲೀಫ ಯಾಕ?"

"ಗಾದಿ ಮ್ಯಾಲೆ ಎಂಥಾ ಅರಬಿ ಹಾಕ್ತೀವಂತ ತೋರ್ಸಾಕ."

ದವಾಖಾನೆಯಲ್ಲಿ ಡಾಕ್ಟರ್ ಹುಬ್ಬೇರಿಸಿದರು. "ಗಾದಿ? ನಾ ಯಾರಿಗೂ ಹೇಳಿಲ್ಲಲ್ರಿ."

ಇಷ್ರತ ಸರಕ್ಕನೆ ಗಲೀಫಿನಿಂದ ಲಕೋಟೆ ಎಳೆದು ಫಿಲ್ಮ್ ತೆಗೆದಳು. "ಮೇಡಮ್, ಇದು ಹತ್ತಿನೋ ಅಲ್ಲೋ, ಹೇಳ್ರಿ!"

ಅಜ್ಜ ಅವಳನ್ನು ತಿಂದುಹಾಕುವ ಹಾಗೆ ನೋಡಿದ. ಡಾಕ್ಟರ್ ನಗು ತಡೆದುಕೊಂಡು ಲಕೋಟೆಯಲ್ಲಿದ್ದ ರಿಪೋರ್ಟ್ ಓದಿದರು. ಫಿಲ್ಮನ್ನು ಲೈಟಿನ ಮುಂದೆ ಸಿಕ್ಕಿಸಿದರು.

"ಯಮನೂರಸಾಬರ, ಕರ್ರಗ ಇದ್ದಲ್ಲಿ ಗಾಳಿ ಐತ್ರಿ. ಈ ಬೆಳ್ಳಂದು ನ್ಯುಮೋನಿಯಾದ ಬಾವು. ಹತ್ತಿ ಅಲ್ಲ. ಜ್ವರ ಲಗೂ ಹೋಗ್ತೈತಿ, ಇದು ಸಾವಕಾಶ ಹೋಗ್ತೈತಿ."

"ಮತ್ತ ಈ ದುಂಡಂದು?"

ಅಜ್ಜನ ಬೆರಳು ಅಷ್ಟೆಲ್ಲ ಚಿತ್ರಗಳ ನಡುವೆ ನೇರವಾಗಿ ಒಂದು ಸಣ್ಣ ಚುಕ್ಕೆಯ ಮೇಲೆ ಹೋಗಿ ನಿಂತಿತು. ಡಾಕ್ಟರ್ ಈಗ ನಗಲಿಲ್ಲ.

"ಬಾವಿಂದ ಉಳದಿದ್ದ ಇರಬಹುದು, ಹಳೇ ಗಾಯದ ಕಲಿ ಇರಬಹುದು. ಬ್ಯಾರೆ ಏನರ ಇದ್ರೂ ಒಂದ ಸ್ಕ್ಯಾನ್ ನೋಡಿ ಹೇಳಾಕ ಬರೂದಿಲ್ರಿ. ಸೋಮವಾರದ್ದು ಬಂದ ಮ್ಯಾಲೆ ಎರಡೂ ಬಾಜೂ ಬಾಜೂ ಇಟ್ಟ ನೋಡಬೇಕು. ಕರಗಿದ್ರ ಚಲೋ. ಇಲ್ಲಾಂದ್ರ ಮುಂದೇನ ಮಾಡಬೇಕಂತ ಲಗೂನ ನೋಡಾಕ ಬರ್ತೈತಿ. ಅದಕ್ಕ ಕರದಾರ. ಅಲ್ಲೀತನಕ ಹತ್ತಿ ಹಿಂಜೂದ ಬ್ಯಾಡ."

ವಾಪಸ್ ಬರುವಾಗ ಅಜ್ಜ ಬೈಯಲಿಲ್ಲ. ಅದೇ ಇಷ್ರತಳಿಗೆ ಕಷ್ಟವಾಯಿತು.

"ಹತ್ತಿ ಆಗಿದ್ರ ಚಲೋ ಇತ್ತು," ಎಂದ ಅಜ್ಜ, ಅರ್ಧ ದಾರಿಯಲ್ಲಿ. "ಹತ್ತಿ ನನಗ ಗೊತ್ತೈತಿ. ಇದು ಏನಂತ ಗೊತ್ತಿಲ್ಲಲ್ಲ..."

ಇಷ್ರತ ಅವನ ಮುಖ ನೋಡಿದಳು. ಆ ಚುಕ್ಕೆಯನ್ನು ಹುಡುಕದೇ ತೋರಿಸಬೇಕಾದರೆ ಅಜ್ಜ ಅದನ್ನು ಎಷ್ಟು ಸಲ ಕಿಟಕಿಗೆ ಹಿಡಿದು ನೋಡಿರಬೇಕು! ಅಜ್ಜನೂ ಹೆದರುತ್ತಾನೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

"ಸೋಮವಾರ ನಾನೂ ಗದಗಕ್ಕ ಬರ್ತೀನಿ," ಎಂದಳು.

"ನೀ ಯಾಕ?"

"ಅವತ್ತ ಗಣಿತ ಟೆಸ್ಟ್ ಐತಿ. ತಪ್ಪಿಸ್ಕೊಳ್ಳಾಕ."

"ಕಳ್ಳಿ!" ಅಜ್ಜ ಜೋರಾಗಿ ನಕ್ಕ. ನಗುತ್ತ ಕೆಮ್ಮಿದ, ಕೆಮ್ಮುತ್ತ ಅವಳ ಕೈ ಹಿಡಿದುಕೊಂಡ. "ಆತು, ಬಾ. ಏಳರ ಬಸ್ಸಿಗೆ ಹೋಗೂಣು."

ಸೋಮವಾರ ಯಾವ ಟೆಸ್ಟೂ ಇರಲಿಲ್ಲ.