ಕುಂದು ಹುಡುಕಿದವಳು

ಲೈಬ್ರರಿಯ ಕೌಂಟರ್ ಮೇಲೆ ಅವಳು ಕಾದಂಬರಿಯನ್ನು ಧಪ್ಪನೆ ಇಟ್ಟಳು.

"ಇದನ್ನ ನಂಗೆ ಯಾಕೆ ಕೊಟ್ಟೆ?"

ಹರಿದ ಪುಸ್ತಕವೊಂದಕ್ಕೆ ಅಂಟು ಸವರುತ್ತಿದ್ದ ಲೈಬ್ರರಿಯನ್ ತಲೆಯೆತ್ತಿದ. ಹಲ್ಲಿನ ಕ್ಲಿನಿಕ್ಕಿನ ನೀಲಿ ಯೂನಿಫಾರ್ಮಿನಲ್ಲೇ ಬಂದುಬಿಟ್ಟಿದ್ದಳು ನರ್ಸಮ್ಮ. ಊಟದ ಬಿಡುವಿರುವುದೇ ಅರ್ಧ ಗಂಟೆ.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ತೊಂದರೆ. ಮೂರು ದಿನದಿಂದ ನಿದ್ದೆ ಇಲ್ಲ."

ಕಥೆಯ ನಾಯಕಿಗೆ, ತಾನು ಬೇಡವೆಂದು ಬಿಟ್ಟ ಬದುಕುಗಳನ್ನೆಲ್ಲ ಒಂದೊಂದು ದಿನ ಬದುಕಿ ನೋಡುವ ಅವಕಾಶ ಸಿಗುತ್ತದೆ. ಅದನ್ನು ಓದುತ್ತ ಇವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ನಿನ್ನೆಯಂತೂ ಡಾಕ್ಟರ್ ಇಕ್ಕಳ ಕೇಳಿದರೆ ಪೆನ್ನು ಕೊಟ್ಟಿದ್ದಳು.

ಏಳು ವರ್ಷದ ಹಿಂದೆ ಈ ಲೈಬ್ರರಿಯನ್ನೇ ಅವಳನ್ನು ಮದುವೆಯಾಗೋಣವೇ ಎಂದು ಕೇಳಿದ್ದ. ಅವಳ ಅಪ್ಪ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ಕಾಲ, ಆಗುವುದಿಲ್ಲ ಎಂದಿದ್ದಳು. ಆ ಅಪ್ಪ ಈಗ ಬೆಳಿಗ್ಗೆ ಸಂಜೆ ವಾಕಿಂಗ್ ಹೋಗಿ, ದಾರಿಯಲ್ಲಿ ಸಿಕ್ಕವರ ಜೊತೆ ವಾದ ಮಾಡಿ ಬರುತ್ತಾರೆ. ಇವರಿಬ್ಬರು ಮಾತ್ರ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದರಲ್ಲೇ ಉಳಿದಿದ್ದರು.

"ನನ್ನನ್ನ ಚುಚ್ಚೋಕೇ ಕೊಟ್ಟೆ ಅಲ್ವಾ?"

"ನಾನದನ್ನ ಓದೇ ಇಲ್ಲ ಮಾರಾಯ್ತಿ. ಹೊಸದಾಗಿ ಬಂತು, ಮೊದಲು ನಿಂಗೇ ಕೊಡೋಣ ಅಂತ ಎತ್ತಿಟ್ಟಿದ್ದೆ."

ಅವಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಆದರೂ ಬಿಡಲಿಲ್ಲ.

"ಬರೆದವರು ಮೋಸ ಮಾಡಿದ್ದಾರೆ ಕಣೋ. ನಾಯಕಿ ಬಿಟ್ಟ ಬದುಕಲ್ಲೆಲ್ಲ ಏನಾದ್ರೂ ಒಂದು ಹುಳುಕು. ಬೇಡ ಅಂದ ಹುಡುಗ ಅಲ್ಲಿ ಕುಡುಕ. ಹಾಗಿದ್ರೆ ತನ್ನ ಬದುಕಿಗೆ ವಾಪಸ್ ಬರೋದು ಸುಲಭ ತಾನೇ?"

"ಸುಲಭಾನೇ."

"ನಾನೂ ಹುಡುಕಿದೆ." ದನಿ ತಗ್ಗಿತು. ಅಂಟು ಮೆತ್ತಿದ ಅವನ ಬೆರಳುಗಳನ್ನೇ ನೋಡುತ್ತ ಹೇಳಿದಳು: "ಅವತ್ತು ಹೂಂ ಅಂದಿದ್ರೆ ಏನಾಗ್ತಿತ್ತು ಅಂತ. ನಿನ್ನಲ್ಲಿ ಒಂದು ಕುಂದು ಸಿಕ್ಕಿದ್ರೂ ನೆಮ್ಮದಿಯಾಗಿರ್ತಿದ್ದೆ. ಸಿಗ್ತಾ ಇಲ್ಲ."

ಅವನ ಕಿವಿಯ ತುದಿ ಕೆಂಪಾಯಿತು. ಬ್ರಶ್ ಕೆಳಗಿಟ್ಟು, ಬಹಳ ಯೋಚಿಸಿ, "ಗೊರಕೆ ಹೊಡೀತೀನಿ," ಎಂದ.

"ಸಾಲದು."

"ಕಾಯ್ತೀನಿ ಅಂತ ಅವತ್ತು ಹೇಳೋಕೆ ಧೈರ್ಯ ಬರಲಿಲ್ಲ. ಹೇಳದೇ ಕಾದೆ. ಅದು ದೊಡ್ಡ ಕುಂದು."

ಈ ಏಳು ವರ್ಷವೂ ಅವನು ಹೀಗೇ, ಬಾಯಿ ಬಿಡದೇ, ಇದೇ ಸ್ಟೂಲಿನ ಮೇಲೆ ಕೂತಿದ್ದನೇ?

"ಈಗ ಕೇಳು," ಎಂದಳು.

ಅವನು ಕೇಳಿದ. ಪ್ರಶ್ನೆ ಮುಗಿಯುವ ಮೊದಲೇ ಹೂಂ ಎಂದುಬಿಟ್ಟಳು. ಮುಂದೆ ಹೇಗಿರುತ್ತದೋ ಏನೋ ಗೊತ್ತಿರಲಿಲ್ಲ. ಹಾಗೇ ಕೌಂಟರ್ ಸುತ್ತಿ ಅವನ ಪಕ್ಕಕ್ಕೆ ಬಂದು ನಿಂತಳು.