ಎಂಟು ಸೆಕೆಂಡಿನ ಕತ್ತಲೆ

ಬೆಳಗ್ಗೆ ಹತ್ತೂಕಾಲಿಗೆ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ ಒಂದು ಕೂಗು ಕೇಳಿಸಿತು. ಮುಂದೆ ಕೂತು ಶರ್ಟಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ಬೆರಳಿಗೆ ಸೂಜಿ ಚುಚ್ಚಿಕೊಂಡರು.

“ಏನಾಯ್ತೇ? ಇಲಿನಾ?”

“ಹೋಯ್ತು ಅತ್ತೆ! ಎಲ್ಲಾ ಹೋಯ್ತು!”

ಅತ್ತೆ ಬೆರಳು ಚೀಪುತ್ತಲೇ ಎದ್ದು ಹೋದರು. ಸೊಸೆ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ನಿನ್ನೆಯವರೆಗೆ ಅರವತ್ತೊಂದು ವಿಡಿಯೋಗಳ ಸಾಲು ಇದ್ದ ಜಾಗದಲ್ಲಿ ಈಗ ಬೂದು ಬಣ್ಣದ ಒಂದು ಚೌಕ, ಅದರೊಳಗೆ ಒಂದೇ ಸಾಲು: ಹಕ್ಕುದಾರರ ದೂರಿನ ಮೇರೆಗೆ ಈ ಚಾನೆಲ್ಲನ್ನು ಸ್ಥಗಿತಗೊಳಿಸಲಾಗಿದೆ.

ಸೊಸೆ ಟೈಲರ್. ಆದರೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಕತ್ತರಿಸುತ್ತಿದ್ದದ್ದು ಬಟ್ಟೆಯನ್ನಲ್ಲ. ಇಪ್ಪತ್ತು ವರ್ಷದ ಹಿಂದೆ ದೀಪಸ್ತಂಭ ಕಾಯುವ ಒಂದು ಕುಟುಂಬದ ಧಾರಾವಾಹಿ ಟಿವಿಯಲ್ಲಿ ಬರುತ್ತಿತ್ತು. ಅದನ್ನು ಯಾರೋ ಪುಣ್ಯಾತ್ಮರು ಅರ್ಧಕ್ಕೇ ನಿಲ್ಲಿಸಿದರು. ಅದರ ದೃಶ್ಯಗಳನ್ನು ಆಯ್ದು, ಹಾಡಿನ ತಾಳಕ್ಕೆ ಕೂಡಿಸಿ, ಸೊಸೆ ಅಭಿಮಾನಿ ವಿಡಿಯೋ ಮಾಡುತ್ತಿದ್ದಳು. ಆರು ವರ್ಷದಲ್ಲಿ ಅದರಿಂದ ಅವಳಿಗೆ ಸಿಕ್ಕ ಲಾಭವೆಂದರೆ ಬೆನ್ನುನೋವು ಒಂದೇ.

“ಅಳೋದು ಆಮೇಲೆ. ಮೊದಲು ಹೇಳು, ದೂರು ಎಷ್ಟು?” ಎಂದರು ಅತ್ತೆ.

“ಮೂರು. ಒಂದೇ ದಿನ, ನಿನ್ನೆ ಸೋಮವಾರ. ಮೂರು ದೂರು ಬಿದ್ದರೆ ಚಾನೆಲ್ ಬಂದ್. ಏಳು ದಿನದೊಳಗೆ ತಕರಾರು ಹಾಕದಿದ್ದರೆ ಪೂರ್ತಿ ಅಳಿಸಿಹಾಕ್ತಾರೆ.”

“ನಿನ್ನ ಹತ್ತಿರ ವಿಡಿಯೋಗಳ ಪ್ರತಿ ಇದೆಯಲ್ಲ?”

“ವಿಡಿಯೋ ಇದೆ ಅತ್ತೆ. ಕೆಳಗೆ ಜನ ಬರೆದಿದ್ದು ಇಲ್ಲ.” ಸೊಸೆ ಪರದೆಯ ಚೌಕದ ಕೆಳಗೆ ಬೆರಳಿಟ್ಟಳು. “ಗಂಟಲ ಆಪರೇಷನ್ ಆದ ಆ ಹೆಂಗಸು ಇಲ್ಲವಾ? ‘ಇವತ್ತು ಎರಡು ಮಾತು ಆಡಿದೆ’, ‘ಇವತ್ತು ಐದು ಮಾತು’ ಅಂತ ಮೊದಲನೇ ವಿಡಿಯೋ ಕೆಳಗೆ ದಿನಾ ಬರೀತಿದ್ದರಲ್ಲ? ನಾನೂರ ಹನ್ನೆರಡು ದಿನ ಬರೆದಿದ್ದಾರೆ. ಜನ ಎಲ್ಲೆಲ್ಲಿಂದಲೋ ಅವರಿಗೆ ಉತ್ತರ ಕೊಟ್ಟಿದ್ದಾರೆ. ಅದನ್ನ ಎತ್ಕೊಂಡು ಬೇರೆ ಕಡೆ ಇಡೋಕೆ ಆಗುತ್ತಾ?”

ಅತ್ತೆಗೆ ಗೊತ್ತಿತ್ತು. ದಿನಾ ಸಂಜೆ ಆ ಸಾಲುಗಳನ್ನು ಸೊಸೆಯಿಂದ ಓದಿಸಿಕೊಳ್ಳುತ್ತಿದ್ದವರೇ ಅವರು. ಅವರ ಎದೆಯಲ್ಲಿ ಸಿಟ್ಟು ಏರತೊಡಗಿತು. ಆ ಸಿಟ್ಟು ಏರಿದಾಗ ಅತ್ತೆಯ ದನಿ ತಣ್ಣಗಾಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ದೂರದೂರಿನ ಟ್ರಂಕ್ ಕಾಲ್ ಜೋಡಿಸಿದವರು ಅವರು. ಮೂರು ನಿಮಿಷ ಮುಗಿದರೆ ಸಾಕು, ಆಚೆ ಮಂತ್ರಿ ಇರಲಿ, ಪ್ರೇಮಿ ಇರಲಿ, “ಸಮಯ ಮುಗಿಯಿತು” ಎನ್ನುತ್ತಿದ್ದರು. ಸೆಕೆಂಡಿನ ಮುಳ್ಳಿರುವ ಆ ಹಳೇ ವಾಚು ಇಂದಿಗೂ ಕೈಯಲ್ಲಿದೆ.

“ದೂರು ಓದು. ಒಂದಕ್ಷರ ಬಿಡಬೇಡ.”

ಸೊಸೆ ಓದಿದಳು. ದೂರು ಯಾವುದೋ ವಕೀಲರ ಕಚೇರಿಯ ಹೆಸರಿನಲ್ಲಿತ್ತು. ಮೊದಲನೇ ದೂರು—ಒಂದು ನಿಮಿಷ ಹನ್ನೆರಡನೇ ಸೆಕೆಂಡಿಗೆ ದೋಣಿ ಮಗುಚುವ ದೃಶ್ಯ. ಎರಡನೆಯದು—ಎರಡು ನಿಮಿಷ ನಲವತ್ತಕ್ಕೆ ದೀಪ ಹಚ್ಚುವ ದೃಶ್ಯ. ಮೂರನೆಯದು, ಮೊನ್ನೆ ಭಾನುವಾರ ಹಾಕಿದ ವಿಡಿಯೋದ ಮೇಲೆ—ಮೂರು ನಿಮಿಷ ಐದಕ್ಕೆ ಅಕ್ಕ ಮೆಟ್ಟಿಲು ಇಳಿಯುವ ದೃಶ್ಯ. ಎಲ್ಲವೂ ಅನುಮತಿಯಿಲ್ಲದೆ ಬಳಸಿದ್ದು. ಕೊನೆಯಲ್ಲಿ ಒಂದು ಫೋನ್ ನಂಬರು.

ಅತ್ತೆ ನಂಬರನ್ನು ಒಮ್ಮೆ ನೋಡಿ ಮೂಗು ಮುರಿದರು. “ಇದು ಫೋನ್ ನಂಬರೇ ಅಲ್ಲ. ಒಂದು ಅಂಕಿ ಕಡಿಮೆ ಇದೆ. ವಕೀಲರೂ ಇಲ್ಲ, ಕಚೇರಿಯೂ ಇಲ್ಲ. ಯಾರೋ ಹಕ್ಕುದಾರರ ವೇಷ ಹಾಕಿದ್ದಾರೆ.”

ಅಷ್ಟರಲ್ಲಿ ಎರಡು ಅಂಗಡಿ ಆಚೆ ಕಂಪ್ಯೂಟರ್ ರಿಪೇರಿ ಮಾಡುವ ಅತ್ತೆಯ ಕಿರಿಮಗ ಓಡಿ ಬಂದ. ಅತ್ತಿಗೆಯ ಕೂಗು ಅಲ್ಲಿಯವರೆಗೂ ಕೇಳಿತ್ತಂತೆ.

“ಅತ್ತಿಗೆ, ಮೂರು ತಿಂಗಳಿಂದ ಬಡ್ಕೋತಿದ್ದೀನಲ್ಲ! ಅದು ಪರರ ಜಾಗ. ಇವತ್ತಲ್ಲ ನಾಳೆ ಎತ್ತಿ ಬಿಸಾಕ್ತಾರೆ ಅಂತ ಹೇಳಿರಲಿಲ್ವಾ? ನಾನು ನಿಮಗೋಸ್ಕರ ಸೈಟ್ ಕಟ್ಟಿ ಇಟ್ಟಿದ್ದೀನಿ. ಜಾಹೀರಾತಿಲ್ಲ, ದೂರಿಲ್ಲ, ಯಾರ ಹಂಗೂ ಇಲ್ಲ. ಆ ಹಾಳು ಜಾಗದಲ್ಲಿ ನಾನಂತೂ ಇವತ್ತಿನವರೆಗೆ ಒಂದೇ ಒಂದು ವಿಡಿಯೋ ನೋಡಿಲ್ಲ, ನೋಡೋದೂ ಇಲ್ಲ!”

“ನಿನ್ನ ಸೈಟಿಗೆ ಎಷ್ಟು ಜನ ಬರ್ತಾರಪ್ಪಾ?” ಸೊಸೆ ಕೇಳಿದಳು.

“ನೀವು ಬಂದರೆ ಜನಾನೂ ಬರ್ತಾರೆ.”

ಈ ಜಗಳ ಹೊಸದಲ್ಲ. ವಿಡಿಯೋಗಳನ್ನು ಎಲ್ಲಿಡಬೇಕು ಎಂದು ಹೋದ ತಿಂಗಳು ಇವರಿಬ್ಬರೂ ಊರಿನ ಲೈಬ್ರರಿ ನೋಡಿಕೊಳ್ಳುವವರ ಜೊತೆ ಕೂತು ಚರ್ಚೆ ಮಾಡಿದ್ದರು. ಕಿರಿಮಗನಿಗೆ ತನ್ನ ಸೈಟೇ ಆಗಬೇಕು. ಲೈಬ್ರರಿಯವರಿಗೆ ಅವು ಲೈಬ್ರರಿಯ ಕಪಾಟಿನಲ್ಲಿ, ನಂಬರ್ ಅಂಟಿಸಿಕೊಂಡು ಇರಬೇಕು. ಸೊಸೆ ಯಾರಿಗೂ ಸೊಪ್ಪು ಹಾಕಿರಲಿಲ್ಲ. “ಜನ ಓಡಾಡೋ ಕಡೆ ಅಂಗಡಿ ಇಡ್ತೀನಿ” ಎಂದು ಕಡ್ಡಿ ಮುರಿದಂತೆ ಹೇಳಿ ಎದ್ದು ಬಂದಿದ್ದಳು.

“ತಕರಾರು ಹಾಕೋಣ,” ಎಂದರು ಅತ್ತೆ.

“ಬೇಡಮ್ಮ!” ಕಿರಿಮಗ ಗಾಬರಿಯಾದ. “ಅದಕ್ಕೆ ನಿಜವಾದ ಹೆಸರು, ವಿಳಾಸ ಕೊಡಬೇಕು. ಕೋರ್ಟಿಗೆ ಎಳೀತಾರೆ. ಅತ್ತಿಗೆ ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಹಾಗೇ ಇರಲಿ.”

ಸೊಸೆ ತುಟಿ ಕಚ್ಚಿಕೊಂಡಳು. ಅವಳು ಹೆದರಿದ್ದು ಅತ್ತೆಗೆ ಕಾಣಿಸಿತು.

ಕಿರಿಮಗ ಹೋದ ಮೇಲೆ ಅತ್ತೆ ಕೇಳಿದರು. “ನಿನ್ನ ಮೇಲೆ ಹಲ್ಲು ಮಸೆಯೋರು ಯಾರಿದ್ದಾರೆ?”

“ಗೂಬೆ!”

ಗೂಬೆ ಎಂಬುದು ಅದೇ ಧಾರಾವಾಹಿಗೆ ವಿಡಿಯೋ ಮಾಡುವ ಮತ್ತೊಬ್ಬರ ಅಡ್ಡಹೆಸರು. ಸೊಸೆಯ ಪ್ರತಿ ವಿಡಿಯೋದಲ್ಲೂ ಹುಳುಕು ಹುಡುಕುವ ಆಸಾಮಿ. ಹಿಂದೊಮ್ಮೆ ದೃಶ್ಯಗಳನ್ನು ವಿನಿಮಯ ಮಾಡಿಕೊಂಡಾಗ ಸಿಕ್ಕಿದ್ದ ನಂಬರಿಗೆ ಅತ್ತೆ ಫೋನ್ ಮಾಡಿದರು. ಆಚೆ ಯಂತ್ರ ಕೊರೆಯುವ ಸದ್ದು. ಗೂಬೆ ಹಲ್ಲಿನ ಡಾಕ್ಟರ್ ಆಗಿದ್ದರು.

“ನನ್ನ ಸೊಸೆಯ ಚಾನೆಲ್ ಮೇಲೆ ದೂರು ಕೊಟ್ಟಿದ್ದು ನೀವೇನಾ?”

“ನಾನಾ?” ಯಂತ್ರ ನಿಂತಿತು. “ಅಮ್ಮಾ, ಆರು ವರ್ಷದಿಂದ ಅವರ ಹತ್ತಿರ ಜಗಳ ಆಡ್ತಿದ್ದೀನಿ. ಅವರ ಚಾನೆಲ್ ಹೋದರೆ ನಾನು ಜಗಳಕ್ಕೆ ಎಲ್ಲಿಗೆ ಹೋಗಲಿ? ಭಾನುವಾರ ಹಾಕಿದ ಹೊಸಾದರಲ್ಲಿ ಅಕ್ಕ ಮೆಟ್ಟಿಲು ಇಳಿಯೋದು ತಾಳಕ್ಕಿಂತ ಒಂದು ಚೂರು ತಡ. ಎರಡು ನಿಮಿಷ ಐವತ್ತೇಳಕ್ಕೆ ನೋಡೋಕೆ ಹೇಳಿ ಅವರಿಗೆ!”

“ತಡ ಅಂತೆ! ತಡ ಆಗಿರೋದು ಇವನ ಬುದ್ಧಿ!” ಸೊಸೆ ಹಿಂದಿನಿಂದ ಕೂಗಿದಳು.

ಅತ್ತೆ ನಗಲಿಲ್ಲ. ಅವರ ಹುಬ್ಬು ಗಂಟಿಕ್ಕಿತು.

“ಆ ಮೂರೂ ವಿಡಿಯೋ ಹಾಕು,” ಎಂದರು ಫೋನ್ ಇಟ್ಟು. “ಚಾನೆಲ್‌ನಲ್ಲಿ ಇದ್ದ ಹಾಗೇ.”

ಹಾಕಿದಳು. ಅತ್ತೆ ಪರದೆಯ ಗಡಿಯಾರ ನಂಬಲಿಲ್ಲ. ಮಣಿಕಟ್ಟು ಎತ್ತಿ, ಒಂದು ಕಣ್ಣು ಮುಳ್ಳಿನ ಮೇಲೆ, ಒಂದು ಕಣ್ಣು ದೋಣಿಯ ಮೇಲೆ ಇಟ್ಟು ಮೂರನ್ನೂ ಕೊನೆಯವರೆಗೆ ನೋಡಿದರು. ಬಳಿಕ ಗುಂಡಿ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಏನೋ ಗೀಚಿದರು.

“ಏನತ್ತೆ?”

“ಸುಮ್ಮನಿರು. ಲೈಬ್ರರಿಗೆ ಹೋಗಿ ಬರ್ತೀನಿ.”

ಲೈಬ್ರರಿಯವರು ತೆಳ್ಳನೆಯ, ಮೃದು ಮಾತಿನ ಮನುಷ್ಯ. ತಿಂಗಳಿಗೊಂದು ಶನಿವಾರ ಲೈಬ್ರರಿಯ ಹಾಲಿನಲ್ಲಿ ಸೊಸೆಯ ವಿಡಿಯೋಗಳ ಪ್ರದರ್ಶನ ನಡೆಸುತ್ತಿದ್ದವರು ಅವರೇ. ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು.

“ನನ್ನ ಮೇಲೆ ಅನುಮಾನನಾ?”

“ಎಲ್ಲರ ಮೇಲೂ ಇದೆ. ನೀವು ವಿಡಿಯೋ ನೋಡೋದು ಎಲ್ಲಿ?”

“ಇಲ್ಲೇ, ಹಾಲಿನಲ್ಲಿ. ನಮ್ಮ ಪ್ರೊಜೆಕ್ಟರ್ ಮುದಿಯಾಗಿದೆ ನೋಡಿ. ಒತ್ತಿದ ಎಂಟು ಸೆಕೆಂಡ್ ಆದ ಮೇಲೇನೇ ಚಿತ್ರ ಬರೋದು. ಅದಕ್ಕೆ ನಿಮ್ಮ ಸೊಸೆ ನಮ್ಮ ಪ್ರತಿಗೆ ಮಾತ್ರ ಮೊದಲು ಎಂಟು ಸೆಕೆಂಡ್ ಕತ್ತಲೆ ಸೇರಿಸಿ ಕೊಡ್ತಾರೆ. ಎಂಥಾ ಅಚ್ಚುಕಟ್ಟು!”

“ಭಾನುವಾರದ್ದು ನೋಡಿದ್ರಾ?”

“ಎಲ್ಲಿ? ಪೆನ್‌ಡ್ರೈವ್ ಇನ್ನೂ ಬಂದಿಲ್ಲ. ಬರೋ ಶನಿವಾರ ತಾನೇ ಪ್ರದರ್ಶನ?”

ಅತ್ತೆ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ಅವರಿಗೆ ಉತ್ತರ ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ನೀರು ಬೇಕಾ?”

“ಬೇಡ. ನಾಲ್ಕು ಗಂಟೆಗೆ ಅಂಗಡಿಗೆ ಬನ್ನಿ.”

ನಾಲ್ಕು ಗಂಟೆಗೆ ಹಿಂದಿನ ಕೋಣೆಯಲ್ಲಿ ನಾಲ್ವರು. ಇಸ್ತ್ರಿ ಮೇಜಿನ ಒಂದು ಕಡೆ ಲೈಬ್ರರಿಯವರು, ಇನ್ನೊಂದು ಕಡೆ ಕಿರಿಮಗ, ಕಂಪ್ಯೂಟರಿನ ಮುಂದೆ ಸೊಸೆ. ಅತ್ತೆ ಮಾತ್ರ ನಿಂತೇ ಇದ್ದರು.

“ದೂರಿನಲ್ಲಿ ಮೂರು ದೃಶ್ಯದ ಹೊತ್ತು ಬರೆದಿದೆ,” ಎಂದು ಶುರುಮಾಡಿದರು. “ನಾನು ವಾಚು ಹಿಡಿದು ನೋಡಿದೆ. ದೋಣಿ ಮಗುಚೋದು ಒಂದು ನಿಮಿಷ ನಾಲ್ಕಕ್ಕೆ. ದೂರಿನಲ್ಲಿ ಹನ್ನೆರಡಕ್ಕೆ ಅಂತಿದೆ. ದೀಪ ಹಚ್ಚೋದು ಎರಡು ಮೂವತ್ತೆರಡಕ್ಕೆ. ದೂರಿನಲ್ಲಿ ನಲವತ್ತು. ಅಕ್ಕ ಮೆಟ್ಟಿಲು ಇಳಿಯೋದು ಎರಡು ಐವತ್ತೇಳಕ್ಕೆ, ಗೂಬೆನೂ ಅದನ್ನೇ ಹೇಳಿದ. ದೂರಿನಲ್ಲಿ ಮೂರು ಐದು.”

“ಎಣಿಸೋದ್ರಲ್ಲಿ ತಪ್ಪಿರಬಹುದಮ್ಮ,” ಎಂದ ಕಿರಿಮಗ.

“ಒಂದರಲ್ಲಿ ತಪ್ಪಬಹುದು. ಮೂರರಲ್ಲೂ ಸರಿಯಾಗಿ ಎಂಟೇ ಸೆಕೆಂಡ್ ತಪ್ಪುತ್ತಾ?”

ಸೊಸೆಯ ಕೈ ಬಾಯಿಗೆ ಹೋಯಿತು. “ಹಾಲಿನ ಪ್ರತಿ!”

“ಹಾಲಿನ ಪ್ರತಿ. ದೂರು ಕೊಟ್ಟವರು ಚಾನೆಲ್‌ನಲ್ಲಿ ನೋಡಿಲ್ಲ. ಎಂಟು ಸೆಕೆಂಡ್ ಕತ್ತಲೆ ಇರೋ ಪ್ರತಿ ನೋಡಿ ಹೊತ್ತು ಬರ್ಕೊಂಡಿದ್ದಾರೆ.”

ಲೈಬ್ರರಿಯವರು ಬಿಳಿಚಿಕೊಂಡರು. “ಆ ಪ್ರತಿ ನನ್ನ ಹತ್ತಿರ ಇರೋದು… ಆದರೆ ನಾನು—”

“ಎರಡು ಇದೆ ನಿಮ್ಮ ಹತ್ತಿರ. ಮೂರನೇದು ಇಲ್ಲ.” ಅತ್ತೆ ಸೊಸೆಯ ಕಡೆ ತಿರುಗಿದರು. “ಮೂರನೇದು ಭಾನುವಾರ ಯಾರ ಕೈಗೆ ಕೊಟ್ಟೆ?”

ಸೊಸೆ ನಿಧಾನವಾಗಿ ಮೈದುನನ ಮುಖ ನೋಡಿದಳು. ಪ್ರೊಜೆಕ್ಟರ್ ನಡೆಸುವವನು ಅವನೇ, ಪೆನ್‌ಡ್ರೈವ್ ಒಯ್ಯುವವನೂ ಅವನೇ.

“ಆ ಹಾಳು ಜಾಗದಲ್ಲಿ ಒಂದೇ ಒಂದು ವಿಡಿಯೋ ನೋಡಿಲ್ಲ ಅಂದೆಯಲ್ಲ ಮಗಾ,” ಎಂದರು ಅತ್ತೆ. “ನಿಜಾನೇ ಹೇಳಿದ್ದೆ. ನಿನ್ನ ಹಟ ಅಷ್ಟು ದೊಡ್ಡದು. ದೂರು ಕೊಡೋವಾಗಲೂ ಅಲ್ಲಿ ಇಣುಕಲಿಲ್ಲ, ಜೇಬಿನಲ್ಲಿದ್ದ ಪೆನ್‌ಡ್ರೈವ್ ಹಾಕಿ ನೋಡಿದೆ.”

ಕಿರಿಮಗನ ಕಿವಿ ಕೆಂಪಾಯಿತು. “ನಾನು ಅತ್ತಿಗೆ ಒಳ್ಳೇದಕ್ಕೇ ಮಾಡಿದ್ದು! ಅಲ್ಲಿ ಯಾವತ್ತಿದ್ದರೂ ಓಡಿಸ್ತಾ ಇದ್ದರು. ಒಂದು ಸಲ ಹೆದರಿದರೆ ನನ್ನ ಸೈಟಿಗೆ ಬರ್ತಾರೆ ಅಂದ್ಕೊಂಡೆ…”

“ಮೂರು ದೂರಿಗೆ ಎಲ್ಲಾ ಅಳಿಸಿಹಾಕ್ತಾರೆ ಅಂತ ಗೊತ್ತಿತ್ತಾ?” ಸೊಸೆ ಕೇಳಿದಳು.

“ಗೊತ್ತಿತ್ತು.”

“ಆ ಹೆಂಗಸಿನ ನಾನೂರ ಹನ್ನೆರಡು ದಿನ ಹೋಗುತ್ತೆ ಅಂತ ಗೊತ್ತಿತ್ತಾ?”

“ಅದನ್ನ… ಯೋಚನೆ ಮಾಡಲಿಲ್ಲ ಅತ್ತಿಗೆ.”

ಅತ್ತೆಗೆ ಅವನು ಹೆತ್ತ ಮಗ, ಕೊನೆಯವನು, ಮುದ್ದಿನವನು. ಆದರೆ ಎಕ್ಸ್‌ಚೇಂಜಿನಲ್ಲಿ ಸ್ವಂತ ಅಣ್ಣನ ಫೋನ್ ಕರೆಯನ್ನೂ ಮೂರು ನಿಮಿಷಕ್ಕೇ ಕತ್ತರಿಸಿದ ಕೈ ಅವರದು.

“ಕೂತ್ಕೋ. ಮೂರೂ ದೂರು ವಾಪಸ್ ತಗೋ. ನನ್ನ ಕಣ್ಣೆದುರಿಗೆ,” ಎಂದು ಸೊಸೆಯನ್ನು ಏಳಿಸಿ ಕುರ್ಚಿ ತೋರಿಸಿದರು.

ಅವನು ಕೂತ. ಒಂದು, ಎರಡು, ಮೂರು. ಹಿಂತೆಗೆತ ದಾಖಲಾಗಿದೆ, ಪರಿಶೀಲನೆಯ ಬಳಿಕ ತಿಳಿಸಲಾಗುವುದು ಎಂದು ಉತ್ತರ ಬಂತು.

“ಪರಿಶೀಲನೆ ಅಂದರೆ? ವಾಪಸ್ ಬರದೇನೂ ಇರಬಹುದಾ?” ಲೈಬ್ರರಿಯವರು ಕೇಳಿದರು.

“ಅದಕ್ಕೇ ತಕರಾರೂ ಹಾಕ್ತೀನಿ,” ಎಂದಳು ಸೊಸೆ. “ಏಳಪ್ಪಾ ಮೈದುನ, ಕುರ್ಚಿ ಬಿಡು.”

“ಅತ್ತಿಗೆ, ಹೆಸರು ಕೊಡಬೇಕಾಗುತ್ತೆ. ನಾಳೆ ನಿಜವಾದ ಹಕ್ಕುದಾರರೇ ಬಂದರೆ?”

“ಬರಲಿ! ಅರ್ಧಕ್ಕೆ ಬಿಟ್ಟು ಹೋದ ಕಥೆನ ಇಪ್ಪತ್ತು ವರ್ಷ ಆದರೂ ಜನ ಮರೀದ ಹಾಗೆ ನೋಡ್ಕೊಂಡವಳು ನಾನು. ಅವರು ಬಂದರೆ ಕುರ್ಚಿ ಹಾಕಿ ಕೂರಿಸಿ, ಅರವತ್ತೊಂದನ್ನೂ ತೋರಿಸ್ತೀನಿ. ಆಮೇಲೆ ಬೈಯಲಿ. ನಾನೇನು ಕದ್ದು ಮುಚ್ಚಿ ಮಾಡಿದ್ದೀನಾ?”

ಅವಳು ಬರೆದಳು. ಪೂರ್ತಿ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು, ಒಂದು ಅಂಕಿಯೂ ಕಡಿಮೆಯಿಲ್ಲದೆ. ಕಳಿಸಿದ ಮೇಲೆ ಮೈದುನನ ಕಡೆ ತಿರುಗಿದಳು.

“ನಿನ್ನ ಸೈಟಿಗೂ ಒಂದು ಪ್ರತಿ ಕೊಡ್ತೀನಿ. ಗೂಬೆಗೂ ಕೊಡ್ತೀನಿ. ಲೈಬ್ರರಿ ಕಪಾಟಿನಲ್ಲೂ ನಂಬರ್ ಅಂಟಿಸ್ಕೊಂಡು ಇರಲಿ. ಆದರೆ ನನ್ನ ಅಂಗಡಿ ಜನ ಓಡಾಡೋ ಕಡೆನೇ. ನಾನಾಗಿ ಬಂದರೆ ಬಂದೆ. ಕೈ ಹಿಡಿದು ಎಳೆದರೆ ಬರೋಳಲ್ಲ.”

ಅವನು ತಲೆಯಾಡಿಸಿದ. ಅಳು ಬಂದಿತ್ತು, ತಡೆದುಕೊಂಡ.

ಮೂರನೇ ದಿನ ಚಾನೆಲ್ ಮರಳಿ ಬಂತು. ಮೊದಲನೇ ವಿಡಿಯೋದ ಕೆಳಗೆ ಆ ಹೆಂಗಸಿನ ಹೊಸ ಸಾಲೊಂದಿತ್ತು: ಮೂರು ದಿನ ಎಲ್ಲಿ ಹೋಗಿದ್ದಿರಿ? ನಾನು ಲೆಕ್ಕ ಬಿಟ್ಟೆ, ಮಾತು ಬಿಡಲಿಲ್ಲ. ಸೊಸೆ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದಳು.

ಅದೇ ಮಧ್ಯಾಹ್ನ ಅವಳು ಅರವತ್ತೆರಡನೆಯದಕ್ಕೆ ಕೈ ಹಾಕಿದಳು. ಈ ಸಲ ಚಾನೆಲ್ಲಿನ ಪ್ರತಿಗೂ ಮೊದಲಲ್ಲೇ ಕತ್ತಲೆ ಇಟ್ಟಳು. ಕತ್ತಲೆಯ ಮೇಲೆ ಬಿಳಿ ಅಕ್ಷರ: ಇದನ್ನು ಮಾಡಿದ್ದು ನಾನು. ಕೆಳಗೆ ಅವಳ ಹೆಸರು, ಟೈಲರಿಂಗ್ ಅಂಗಡಿ, ಅಂಚೆ ಕಚೇರಿಯ ಎದುರು. ದೂರು ಇದ್ದವರು ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರೊಳಗೆ ಖುದ್ದಾಗಿ ಬರಬಹುದು.

“ಎಂಟು ಸೆಕೆಂಡ್ ಸಾಕಾ ಅತ್ತೆ ಓದೋಕೆ?”

ಅತ್ತೆ ಮಣಿಕಟ್ಟು ಎತ್ತಿ ವಾಚು ನೋಡಿದರು. ತುಟಿಯಲ್ಲೇ ಒಂದೊಂದು ಅಕ್ಷರ ಓದಿಕೊಂಡರು.

“ಹತ್ತು ಇಡು,” ಎಂದರು. “ಹೆಸರು ನಿಧಾನವಾಗಿ ಓದಲಿ.”